ಕಸಿಯಾದ ಕಿಡ್ನಿ, ಸಣ್ಣ ಜ್ವರ, ಮನೆಯಲ್ಲಿ ಉಳಿದ ಆಂಟಿಬಯೋಟಿಕ್

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಕಿಡ್ನಿ ಕಸಿಯಾಗಿ ಐದು ತಿಂಗಳಾಯಿತು. ಅಮ್ಮನೇ ಕಿಡ್ನಿ ಕೊಟ್ಟರು. ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸುವುದನ್ನು ತಡೆಯಲು ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿದ್ದಾನೆ. ಇಷ್ಟರಲ್ಲೇ ಎರಡು ಸಲ ಮೂತ್ರದ ಸೋಂಕಾಗಿ ಆಸ್ಪತ್ರೆ ಸೇರಿದ್ದ. ಮೊನ್ನೆ ಮೂತ್ರದ ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮತ್ತೆ ಇ. ಕೊಲೈ ಬ್ಯಾಕ್ಟೀರಿಯಾ ಬಂದಿದೆ. ತೊಂದರೆ ಏನೂ ಇಲ್ಲವಲ್ಲ ಎಂದು ಡಾಕ್ಟರು ಔಷಧಿಯನ್ನೇ ಕೊಡಲಿಲ್ಲ. ಈಗ ಒಂದು ವಾರದಿಂದ ಒಣಕೆಮ್ಮು, ಸಂಜೆಯಾದರೆ 99.6 ಡಿಗ್ರಿ ಜ್ವರ. ಊಟವೂ ಅಷ್ಟಕ್ಕಷ್ಟೇ. ಮನೆಯಲ್ಲಿ ಲಿವೋಫ್ಲಾಕ್ಸಸಿನ್ ಮಾತ್ರೆ ಉಳಿದಿದೆ. ಐದು ದಿನ ಕೊಟ್ಟು ನೋಡಬಹುದೇ? ರಿಜೆಕ್ಷನ್ ತಡೆಯುವ ಮಾತ್ರೆ ಸ್ವಲ್ಪ ಕಡಿಮೆ ಮಾಡಿದರೆ ಸೋಂಕು ತಾನಾಗಿಯೇ ಹೋಗುತ್ತದೆ ಅಲ್ವಾ?

ಉತ್ತರ: ಮೊದಲು ಅವಸರದ ಮಾತು. ಲಿವೋಫ್ಲಾಕ್ಸಸಿನ್ ಕೊಡಬೇಡಿ. ಮಾತ್ರೆಗಳನ್ನು ನೀವಾಗಿಯೇ ಕಡಿಮೆ ಮಾಡಬೇಡಿ. ಕಸಿ ಮಾಡಿದ ತಂಡಕ್ಕೆ ಇವತ್ತೇ ಫೋನ್ ಮಾಡಿ, ನಾಳೆಯೊಳಗೆ ತೋರಿಸಿ. ಅಷ್ಟರಲ್ಲಿ ಉಸಿರಾಟ ಕಷ್ಟವಾದರೆ, ನಡುಕ ಹುಟ್ಟಿಸುವ ಚಳಿ ಬಂದರೆ, ಮಾತು ಅಥವಾ ಪ್ರಜ್ಞೆ ಮಸುಕಾದರೆ, ಮೂತ್ರ ಕಡಿಮೆಯಾದರೆ ನಾಳೆಯವರೆಗೂ ಕಾಯಬೇಡಿ. ನೇರವಾಗಿ ತುರ್ತು ವಿಭಾಗಕ್ಕೆ ಹೋಗಿ.

ಇಷ್ಟು ಮಾಡಿದ ಮೇಲೆ ಉಳಿದದ್ದನ್ನು ನಿಧಾನವಾಗಿ ಓದಿ.

99.6 ಅಂದರೆ ಜ್ವರವೇ ಅಲ್ಲ ಎಂದು ಯಾರಾದರೂ ನಿಮಗೆ ಹೇಳಿರಬಹುದು. ಬೇರೆಯವರ ವಿಷಯದಲ್ಲಿ ಆ ಮಾತು ಸರಿ. ನಿಮ್ಮ ತಮ್ಮನ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಜ್ವರ, ನೋವು, ಊತ, ಕೀವು ಇವೆಲ್ಲ ಬಹುಪಾಲು ನಮ್ಮ ದೇಹವೇ ಸೋಂಕಿನ ವಿರುದ್ಧ ಹೋರಾಡುವಾಗ ಹುಟ್ಟುವಂಥವು. ಕಸಿಯಾದವರಲ್ಲಿ ಆ ಹೋರಾಟವನ್ನೇ ಬೇಕೆಂದು ತಗ್ಗಿಸಿರುತ್ತೇವೆ. ಸ್ಟೆರಾಯ್ಡ್ ಜ್ವರವನ್ನು ಅದುಮುತ್ತದೆ. ಮೈಕೋಫಿನೋಲೇಟ್ ಬಿಳಿ ರಕ್ತಕಣಗಳನ್ನು ಇಳಿಸುವುದರಿಂದ, ಸೋಂಕಿದ್ದರೂ ರಕ್ತದ ವರದಿಯಲ್ಲಿ ಆ ಎಣಿಕೆ ಏರದೇ ಇರಬಹುದು. ಎದೆಯ ಎಕ್ಸ್‌ರೇ ಕೂಡ ಮೊದಲ ದಿನಗಳಲ್ಲಿ ಚೆನ್ನಾಗಿಯೇ ಕಾಣಬಹುದು. ಹೊರಗೆ ಏನೂ ಇಲ್ಲ ಅನಿಸಿದರೂ ಒಳಗೆ ಅದು ಬೂದಿ ಮುಚ್ಚಿದ ಕೆಂಡ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ದಾಟಿದರೆ ತಕ್ಷಣ ಕರೆ ಮಾಡಿ ಎಂದು ಹೆಚ್ಚಿನ ಕಸಿ ಕೇಂದ್ರಗಳು ಹೇಳುತ್ತವೆ. ಅದು ಸರಿಯೇ. ಆದರೆ ವಾರಗಟ್ಟಲೆ ಬಿಡದ ಸಣ್ಣ ಬಿಸಿ, ಅದರ ಜೊತೆ ಕೆಮ್ಮು, ಮೇಲಿಂದ ಊಟ ಸೇರದಿರುವುದು, ಈ ಮೂರೂ ಕೂಡಿದರೆ ನನ್ನ ಲೆಕ್ಕದಲ್ಲಿ ಅದು 100.4ಕ್ಕೆ ಸಮ.

ಈ ಪಾಡು ಯಾಕೆ ಬರುತ್ತದೆ ಅನ್ನುವುದಕ್ಕೆ ಕಸಿಯ ಇತಿಹಾಸವೇ ಉತ್ತರ. 1954ರ ಡಿಸೆಂಬರ್ 23ರಂದು ಬೋಸ್ಟನ್‌ನಲ್ಲಿ ಜೋಸೆಫ್ ಮರ್ರೆ ಮತ್ತು ಅವರ ತಂಡ ಮಾಡಿದ ಕಿಡ್ನಿ ಕಸಿಯನ್ನು ಮೊದಲ ಯಶಸ್ವಿ ಕಸಿ ಎನ್ನುತ್ತಾರೆ. ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು. ಹಾಗಾಗಿ ದೇಹ ಆ ಕಿಡ್ನಿಯನ್ನು ಪರರದ್ದು ಎಂದು ನೋಡಲಿಲ್ಲ, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯೂ ಬೇಕಾಗಲಿಲ್ಲ. ಆಮೇಲೆ ಅವಳಿಗಳಲ್ಲದವರಿಗೆ ಕಸಿ ಮಾಡಲು ಹೊರಟಾಗ ಭಾರೀ ಪ್ರಮಾಣದ ಸ್ಟೆರಾಯ್ಡ್ ಬೇಕಾಯಿತು. ಆಗ ಕಿಡ್ನಿ ಉಳಿದರೂ ಸೋಂಕಿನಿಂದ ಎಷ್ಟೋ ರೋಗಿಗಳು ಉಳಿಯಲಿಲ್ಲ. ಇವತ್ತಿನ ಔಷಧಿಗಳು ಬಹಳ ಉತ್ತಮ. ಆದರೂ ತಕ್ಕಡಿ ಅದೇ. ಒಂದು ಕಡೆ ರಿಜೆಕ್ಷನ್, ಇನ್ನೊಂದು ಕಡೆ ಸೋಂಕು. ಆರೋಗ್ಯವಂತರಿಗೆ ಏನೂ ಮಾಡದ ಅಥವಾ ಸಣ್ಣ ತೊಂದರೆ ಕೊಟ್ಟು ಹೋಗುವ ಬ್ಯಾಕ್ಟೀರಿಯಾಗಳು ಇಲ್ಲಿ ಜಾಗ ಮಾಡಿಕೊಳ್ಳುತ್ತವೆ. ಅವಕಾಶವಾದಿ ಸೋಂಕು ಎನ್ನುವುದು ಇದನ್ನೇ.

ಇಂಥ ಬ್ಯಾಕ್ಟೀರಿಯಾಗಳ ಹೆಸರು ಹುಡುಕಿ ಓದಿ ಹೆದರಿಕೊಂಡು ಬರುವವರೇ ಜಾಸ್ತಿ. ಹೆಸರುಗಳಿಗಿಂತ ಕ್ಯಾಲೆಂಡರ್ ಉಪಯೋಗಕ್ಕೆ ಬರುತ್ತದೆ. ಕಸಿಯಾಗಿ ಎಷ್ಟು ದಿನವಾಯಿತು ಅನ್ನುವುದೇ ನಾವು ಕೇಳುವ ಮೊದಲ ಪ್ರಶ್ನೆ. ಮೊದಲ ತಿಂಗಳಲ್ಲಿ ಬರುವ ಸೋಂಕುಗಳು ಹೆಚ್ಚಾಗಿ ಆಪರೇಷನ್ ಮತ್ತು ಆಸ್ಪತ್ರೆಗೆ ಸಂಬಂಧಿಸಿದವು. ಗಾಯದ್ದು, ಕ್ಯಾಥೆಟರ್‌ನದ್ದು, ರಕ್ತನಾಳದ ಲೈನ್‌ನದ್ದು, ಅಪರೂಪಕ್ಕೆ ದಾನಿಯ ಕಿಡ್ನಿಯ ಜೊತೆಗೇ ಬಂದದ್ದು. ಒಂದರಿಂದ ಆರು ತಿಂಗಳವರೆಗೆ ಔಷಧಿಗಳ ಒಟ್ಟು ಪರಿಣಾಮ ಶಿಖರದಲ್ಲಿರುತ್ತದೆ. ನೋಕಾರ್ಡಿಯಾ, ಲಿಸ್ಟೀರಿಯಾ, ಕ್ಷಯ, ಲೆಜಿಯೋನೆಲ್ಲಾ ಇವುಗಳ ಬಗ್ಗೆ ಹೆಚ್ಚು ಯೋಚಿಸಬೇಕಾದ ಕಾಲ ಇದು. ನಿಮ್ಮ ತಮ್ಮ ಇರುವುದು ಇಲ್ಲೇ. ಆರು ತಿಂಗಳ ನಂತರ ಡೋಸ್ ಇಳಿದು, ಕಿಡ್ನಿ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ, ಎಲ್ಲರಿಗೂ ಬರುವಂಥ ನ್ಯುಮೋನಿಯಾ, ಮೂತ್ರದ ಸೋಂಕುಗಳೇ ಮುಖ್ಯವಾಗುತ್ತವೆ.

ಈ ಕ್ಯಾಲೆಂಡರ್ ಮತ್ತೆ ಹಿಂದಕ್ಕೆ ತಿರುಗುವುದೂ ಉಂಟು. ಎರಡನೇ ವರ್ಷದಲ್ಲಿ ರಿಜೆಕ್ಷನ್ ಆಗಿ ಜೋರು ಸ್ಟೆರಾಯ್ಡ್ ಅಥವಾ ಎಟಿಜಿ (ರಿಜೆಕ್ಷನ್ ಮಾಡುವ ಬಿಳಿ ರಕ್ತಕಣಗಳನ್ನು ನಾಶಮಾಡುವ ಔಷಧಿ) ಇಂಜೆಕ್ಷನ್ ಕೊಟ್ಟರೆ, ಆ ರೋಗಿ ಮತ್ತೆ ಎರಡನೇ ತಿಂಗಳಿನವರ ಹಾಗೆಯೇ. ಎಟಿಜಿಯ ಪರಿಣಾಮ ತಿಂಗಳುಗಟ್ಟಲೆ ಇರುತ್ತದೆ. ಸೈಟೊಮೆಗಲೋ ಎಂಬ ವೈರಸ್ ಎದ್ದರೂ ಹಾಗೇ, ಅದು ತಾನೇ ರೋಗನಿರೋಧಕ ಶಕ್ತಿಯನ್ನು ಇನ್ನಷ್ಟು ಕುಗ್ಗಿಸಿ ಬೇರೆ ಸೋಂಕುಗಳಿಗೆ ದಾರಿ ಮಾಡುತ್ತದೆ. ಸ್ಟೆರಾಯ್ಡ್ ಮತ್ತು ಟ್ಯಾಕ್ರೋಲಿಮಸ್ ಸೇರಿ ಕೆಲವರಿಗೆ ಹೊಸದಾಗಿ ಸಕ್ಕರೆ ಕಾಯಿಲೆ ತರುತ್ತವೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಈಗ ಮೂತ್ರದ ವಿಷಯ. ಔಷಧಿ ಯಾಕೆ ಕೊಡಲಿಲ್ಲ ಎಂಬ ಬೇಸರ ನಿಮ್ಮ ಪತ್ರದಲ್ಲಿ ಕಾಣುತ್ತದೆ. ನಿಮ್ಮ ಡಾಕ್ಟರು ಸರಿಯಾದದ್ದನ್ನೇ ಮಾಡಿದ್ದಾರೆ.

ಕಿಡ್ನಿ ಕಸಿಯಾದವರಲ್ಲಿ ಅತಿ ಹೆಚ್ಚು ಕಾಣುವ ಬ್ಯಾಕ್ಟೀರಿಯಾ ಸೋಂಕು ಮೂತ್ರದ್ದೇ. ಮೊದಲ ತಿಂಗಳುಗಳಲ್ಲಂತೂ ಜಾಸ್ತಿ. ಹೊಸ ಕಿಡ್ನಿಯನ್ನು ಹಳೆಯದರ ಜಾಗದಲ್ಲಿ ಇಡುವುದಿಲ್ಲ, ಹೊಟ್ಟೆಯ ಕೆಳಭಾಗದಲ್ಲಿ ಒಂದು ಪಕ್ಕಕ್ಕೆ ಇಡುತ್ತಾರೆ. ಅದರ ಮೂತ್ರನಾಳವನ್ನು ಮೂತ್ರಚೀಲಕ್ಕೆ ಹೊಸದಾಗಿ ಹೊಲಿಯುತ್ತಾರೆ. ಹುಟ್ಟಿನಿಂದ ಇರುವ ಜೋಡಣೆಯಲ್ಲಿ ಮೂತ್ರ ಹಿಂದಕ್ಕೆ ಹೋಗದಂತೆ ತಡೆಯುವ ಏರ್ಪಾಡು ಇರುತ್ತದೆ. ಹೊಲಿದ ಜೋಡಣೆಯಲ್ಲಿ ಅದು ಅಷ್ಟು ಬಿಗಿಯಲ್ಲ. ಮೂತ್ರ ಮೇಲಕ್ಕೆ ಹಿಮ್ಮರಳಿದರೆ ಬ್ಯಾಕ್ಟೀರಿಯಾಕ್ಕೂ ದಾರಿ ಸಿಕ್ಕಿತು. ಜೊತೆಗೆ ಮೊದಲ ಕೆಲವು ವಾರ ಮೂತ್ರನಾಳವನ್ನು ತೆರೆದಿಡಲು ಒಳಗೊಂದು ಸ್ಟೆಂಟ್, ಅಂದರೆ ಸಣ್ಣ ಕೊಳವೆ ಇರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಟಿಕೊಂಡು ಕೂರುತ್ತದೆ. ಸ್ಟೆಂಟನ್ನು ಸಾಮಾನ್ಯವಾಗಿ ಎರಡರಿಂದ ಆರು ವಾರದೊಳಗೆ ತೆಗೆಯುತ್ತಾರೆ. ತಮ್ಮನದ್ದು ತೆಗೆದಾಗಿದೆಯೇ ಎಂದು ಒಮ್ಮೆ ಕೇಳಿ. ಮರೆತು ಉಳಿದ ಸ್ಟೆಂಟ್ ಪದೇ ಪದೇ ಸೋಂಕು ತರುವ ಕಾರಣಗಳಲ್ಲಿ ಒಂದು, ಮತ್ತು ಅದನ್ನು ಕಂಡುಹಿಡಿಯುವುದು ತೀರಾ ಸುಲಭ.

ಇನ್ನೊಂದು ಸೂಕ್ಷ್ಮ. ಕಸಿ ಮಾಡುವಾಗ ಆ ಕಿಡ್ನಿಯ ನರಗಳು ಕತ್ತರಿಸಿಹೋಗಿರುತ್ತವೆ. ಹಾಗಾಗಿ ಮಾಮೂಲಿ ಕಿಡ್ನಿ ಸೋಂಕಿನಂತೆ ಸೊಂಟದ ಹಿಂದೆ ನೋವು ಬರುವುದಿಲ್ಲ. ಕೆಳಹೊಟ್ಟೆಯಲ್ಲಿ, ಕಿಡ್ನಿ ಇಟ್ಟ ಜಾಗದ ಮೇಲೆ ಒತ್ತಿದರೆ ನೋವು, ಸ್ವಲ್ಪ ಭಾರ, ಇಷ್ಟೇ ಇರಬಹುದು. ಕೆಲವರಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತಾಗ ರಕ್ತದಲ್ಲಿ ಏರುವ ಕಸ) ಏರಿದ್ದೇ ಮೊದಲ ಸುಳಿವು. ಇನ್ನು ಕೆಲವರಲ್ಲಿ ಸೋಂಕು ಕೂತಿರುವುದು ಹೊಸ ಕಿಡ್ನಿಯಲ್ಲಲ್ಲ, ಒಳಗೇ ಬಿಟ್ಟಿರುವ ಹಳೆಯ ಕಿಡ್ನಿಗಳಲ್ಲಿ. ನೀರು ತುಂಬಿದ ಗುಳ್ಳೆಗಳಿರುವ ಪಾಲಿಸಿಸ್ಟಿಕ್ ಕಿಡ್ನಿಯವರಲ್ಲಿ ಇದನ್ನು ನೆನಪಿಡಬೇಕು.

ಆದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಬೇರೆ, ಸೋಂಕು ಬೇರೆ. ಉರಿ, ಜ್ವರ, ನೋವು, ಕ್ರಿಯಾಟಿನಿನ್ ಏರಿಕೆ ಏನೂ ಇಲ್ಲದೆ ವರದಿಯಲ್ಲಿ ಮಾತ್ರ ಇ. ಕೊಲೈ ಬಂದರೆ ಆಂಟಿಬಯೋಟಿಕ್‌ನಿಂದ ಲಾಭವಿಲ್ಲ ಎಂದು ಕಸಿ ರೋಗಿಗಳ ಮೇಲೆಯೇ ನಡೆದ ಪ್ರಯೋಗಗಳು ತೋರಿಸಿವೆ. ಔಷಧಿ ಕೊಟ್ಟವರಲ್ಲಿ ಆಮೇಲೆ ಸೋಂಕು ಕಡಿಮೆಯಾಗಲಿಲ್ಲ. ಬದಲಿಗೆ ಔಷಧಿಗೆ ಬಗ್ಗದ ತಳಿಗಳು ಹುಟ್ಟಿಕೊಂಡವು. ಅಮೆರಿಕದ ಸೋಂಕುರೋಗ ತಜ್ಞರ ಸಂಘ 2019ರ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿಯೇ ಬರೆದಿದೆ. ಕಸಿಯಾಗಿ ಒಂದು ತಿಂಗಳು ದಾಟಿದ ಮೇಲೆ, ಲಕ್ಷಣ ಇಲ್ಲದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಹುಡುಕುವುದೂ ಬೇಡ, ಚಿಕಿತ್ಸೆ ಕೊಡುವುದೂ ಬೇಡ. ವರದಿಯ ಮೇಲೆ ಕೆಂಪು ಗುರುತು ನೋಡಿದ ಮನೆಯವರಿಗೆ ಇದನ್ನು ಒಪ್ಪಿಸುವುದು ಚಿಕಿತ್ಸೆಗಿಂತ ಕಷ್ಟ! ಅಂದಹಾಗೆ, ಈಗ ಜ್ವರ ಬಂದಿರುವುದರಿಂದ ಡಾಕ್ಟರು ಮೂತ್ರವನ್ನು ಮತ್ತೊಮ್ಮೆ ನೋಡುತ್ತಾರೆ. ಆಗ ಅದರ ಅರ್ಥವೇ ಬೇರೆ.

ಎರಡು ಸಲ ಆಸ್ಪತ್ರೆ ಸೇರುವಷ್ಟು ಸೋಂಕಾಗಿದೆ ಎಂದರೆ ಕಾರಣ ಹುಡುಕಬೇಕು. ಅಲ್ಟ್ರಾಸೌಂಡ್, ಮೂತ್ರ ಮಾಡಿದ ಮೇಲೆ ಚೀಲದಲ್ಲಿ ಎಷ್ಟು ಉಳಿಯುತ್ತದೆ ಎಂಬ ಪರೀಕ್ಷೆ, ಬೇಕಾದರೆ ಹಿಮ್ಮರಳುವಿಕೆ ನೋಡುವ ಚಿತ್ರ. ಇವನ್ನು ಬಿಟ್ಟು ಸುಮ್ನೆ ಒಂದಾದ ಮೇಲೆ ಒಂದು ಆಂಟಿಬಯೋಟಿಕ್ ಬದಲಾಯಿಸುತ್ತಾ ಹೋದರೆ, ಕೊನೆಗೆ ರಕ್ತನಾಳದ ಮೂಲಕವೇ ಕೊಡಬೇಕಾದ ಔಷಧಿಗಳಷ್ಟೇ ಉಳಿಯುತ್ತವೆ.

ಇನ್ನು ಕೆಮ್ಮು. ನನಗೆ ಹೆಚ್ಚು ಯೋಚನೆ ಇರುವುದು ಇದರ ಬಗ್ಗೆ.

ಐದನೇ ತಿಂಗಳಲ್ಲಿ ಒಣಕೆಮ್ಮು, ಸಣ್ಣ ಜ್ವರ ಎಂದರೆ ಕಾರಣ ಮಾಮೂಲಿ ವೈರಸ್ ಆಗಿರಬಹುದು. ನ್ಯುಮೊಕಾಕಸ್‌ನಂಥ ಸಾಮಾನ್ಯ ಬ್ಯಾಕ್ಟೀರಿಯಾ ಆಗಿರಬಹುದು. ನ್ಯುಮೋಸಿಸ್ಟಿಸ್ ಇರಬಹುದು, ಅದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಆದರೆ ಮೂರು ಬ್ಯಾಕ್ಟೀರಿಯಾಗಳನ್ನು ನಾವು ಬೇಕೆಂದೇ ಹುಡುಕುತ್ತೇವೆ. ಹುಡುಕದಿದ್ದರೆ ಅವು ಸಿಗುವುದಿಲ್ಲ.

ಮೊದಲನೆಯದು ಕ್ಷಯ. ಎಷ್ಟೋ ಜನರ ಶ್ವಾಸಕೋಶದಲ್ಲಿ ಹಳೆಯ ಕ್ಷಯದ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಮಲಗಿರುತ್ತದೆ. ಕಸಿಯ ಔಷಧಿಗಳು ಅದನ್ನು ಎಬ್ಬಿಸಬಲ್ಲವು. ಕಸಿಯಾದವರಲ್ಲಿ ಅದು ಶ್ವಾಸಕೋಶದಲ್ಲಷ್ಟೇ ನಿಲ್ಲದೆ ದುಗ್ಧಗ್ರಂಥಿ, ಕರುಳು, ಮೂಳೆ, ಮಿದುಳಿನ ಪೊರೆಗೆ ಹರಡುವುದು ಹೆಚ್ಚು. ಚರ್ಮದ ಪರೀಕ್ಷೆ, ರಕ್ತದ ಇಗ್ರಾ ಪರೀಕ್ಷೆ ಎರಡೂ ಇವರಲ್ಲಿ ಸುಳ್ಳೇ ನೆಗೆಟಿವ್ ಬರಬಹುದು. ಆದ್ದರಿಂದ ಕಸಿಗೆ ಮೊದಲು ನೆಗೆಟಿವ್ ಇತ್ತು ಎಂಬ ಒಂದೇ ಮಾತಿನ ಮೇಲೆ ಕ್ಷಯವನ್ನು ಪಕ್ಕಕ್ಕೆ ಇಡುವುದಿಲ್ಲ.

ನಿಮ್ಮ ಲಿವೋಫ್ಲಾಕ್ಸಸಿನ್ ಅಪಾಯ ತರುವುದು ಇಲ್ಲೇ. ಆ ಗುಂಪಿನ ಔಷಧಿಗಳಿಗೆ ಕ್ಷಯದ ಬ್ಯಾಕ್ಟೀರಿಯಾವನ್ನು ಅರ್ಧಂಬರ್ಧ ಅದುಮುವ ಶಕ್ತಿ ಇದೆ. ಐದು ದಿನ ಕೊಟ್ಟರೆ ಜ್ವರ ಇಳಿಯುತ್ತದೆ, ಎಲ್ಲರಿಗೂ ಸಮಾಧಾನವಾಗುತ್ತದೆ, ಕಫದ ಪರೀಕ್ಷೆ ನೆಗೆಟಿವ್ ಬರುತ್ತದೆ. ಕೆಲವು ವಾರದ ಮೇಲೆ ಅದೇ ರೋಗ ಇನ್ನಷ್ಟು ಹರಡಿ ಬರುತ್ತದೆ, ಔಷಧಿಗೆ ಬಗ್ಗದ ರೂಪದಲ್ಲೂ ಬರಬಹುದು. ಅದೂ ಅಲ್ಲದೆ ಸ್ಟೆರಾಯ್ಡ್ ತೆಗೆದುಕೊಳ್ಳುವ ಕಸಿ ರೋಗಿಗಳಲ್ಲಿ ಈ ಗುಂಪಿನ ಮಾತ್ರೆಗಳಿಂದ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯ ಹೆಚ್ಚು. ಈ ಔಷಧಿ ಕೆಟ್ಟದ್ದೆಂದಲ್ಲ. ಸರಿಯಾದ ರೋಗಕ್ಕೆ, ಪರೀಕ್ಷೆಗೆ ಮಾದರಿ ತೆಗೆದುಕೊಂಡ ಮೇಲೆ, ನಾವೇ ಕೊಡುತ್ತೇವೆ.

ಎರಡನೆಯದು ನೋಕಾರ್ಡಿಯಾ. ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ಇರುವ ಬ್ಯಾಕ್ಟೀರಿಯಾ ಇದು. ದೂಳಿನ ಜೊತೆ ಉಸಿರಿಗೆ ಸೇರಿ ಶ್ವಾಸಕೋಶದಲ್ಲಿ ಗಂಟು, ಕುಳಿ ಮಾಡುತ್ತದೆ. ಗಾಯದ ಮೂಲಕ ಚರ್ಮಕ್ಕೂ ಹೊಕ್ಕಬಹುದು. ಕ್ಷಯ ಪತ್ತೆಗೆ ಬಳಸುವ ಬಣ್ಣವನ್ನು ಇದೂ ಅರೆಬರೆ ಹಿಡಿಯುವುದರಿಂದ ಕ್ಷಯ ಎಂದೇ ತಪ್ಪು ತಿಳಿದು ಚಿಕಿತ್ಸೆ ಶುರುವಾದ ಉದಾಹರಣೆಗಳಿವೆ. ಬೆಳೆಯುವುದು ನಿಧಾನ. ಮಾಮೂಲಿ ಕಲ್ಚರನ್ನು ಎರಡು ಮೂರು ದಿನಕ್ಕೆ ಬಿಸಾಡಿದರೆ ಇದು ಸಿಗುವುದೇ ಇಲ್ಲ. ನೋಕಾರ್ಡಿಯಾ ಅನುಮಾನ ಇದೆ, ಎರಡು ಮೂರು ವಾರ ಇಟ್ಟು ನೋಡಿ ಎಂದು ಲ್ಯಾಬ್‌ಗೆ ಮೊದಲೇ ಹೇಳಬೇಕು. ಇದಕ್ಕೆ ಮಿದುಳು ಬಹಳ ಇಷ್ಟದ ಜಾಗ. ಶ್ವಾಸಕೋಶದಲ್ಲಿ ಸಿಕ್ಕಿತೆಂದರೆ ತಲೆನೋವು ಇಲ್ಲದಿದ್ದರೂ ಮಿದುಳಿನ ಎಂಆರ್‌ಐ ಮಾಡಿಸುತ್ತೇವೆ. ಚಿಕಿತ್ಸೆ ವಾರಗಳದ್ದಲ್ಲ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು.

ಮೂರನೆಯದು ಲೆಜಿಯೋನೆಲ್ಲಾ. 1976ರಲ್ಲಿ ಫಿಲಡೆಲ್ಫಿಯಾದ ಒಂದು ಸಮಾವೇಶದಲ್ಲಿ ನ್ಯುಮೋನಿಯಾ ಹರಡಿದಾಗ ಮೊದಲು ಗೊತ್ತಾದದ್ದು. ನೀರಿನ ಟ್ಯಾಂಕು, ಪೈಪು, ಕೂಲಿಂಗ್ ಟವರ್‌ಗಳಲ್ಲಿ ಬೆಳೆದು ತುಂತುರು ಹನಿಗಳ ಮೂಲಕ ಬರುತ್ತದೆ. ಇದು ಜೀವಕೋಶದೊಳಗೆ ಅಡಗುವುದರಿಂದ ಪೆನಿಸಿಲಿನ್ ಜಾತಿಯ ಔಷಧಿಗಳು ಕೆಲಸ ಮಾಡುವುದಿಲ್ಲ. ಪತ್ತೆಗೆ ಮೂತ್ರದ ಆ್ಯಂಟಿಜೆನ್ ಪರೀಕ್ಷೆ ಇದೆ. ಆದರೆ ಅದು ಮುಖ್ಯವಾಗಿ ಒಂದೇ ಬಗೆಯನ್ನು ಹಿಡಿಯುತ್ತದೆ, ನೆಗೆಟಿವ್ ಬಂದರೆ ಇಲ್ಲವೆಂದು ಅರ್ಥವಲ್ಲ.

ಹೀಗಾಗಿ ನಿಮ್ಮ ತಮ್ಮನಿಗೆ ಎಕ್ಸ್‌ರೇ ಚೆನ್ನಾಗಿದ್ದರೂ ಎದೆಯ ಸಿಟಿ ಸ್ಕ್ಯಾನ್ ಬೇಕೆನ್ನಬಹುದು. ಕಫ ಬರದಿದ್ದರೆ ಬ್ರಾಂಕೋಸ್ಕೋಪಿ ಮಾಡಿ, ಅಂದರೆ ಶ್ವಾಸನಾಳಕ್ಕೆ ಕ್ಯಾಮೆರಾ ಕೊಳವೆ ಇಳಿಸಿ, ಶ್ವಾಸಕೋಶ ತೊಳೆದ ನೀರನ್ನು ಪರೀಕ್ಷಿಸಬೇಕೆನ್ನಬಹುದು. ಸಣ್ಣ ಕೆಮ್ಮಿಗೆ ಇಷ್ಟೆಲ್ಲ ಯಾಕೆ ಅನಿಸುತ್ತದೆ. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಿಲ್ಲದೆ ಚಿಕಿತ್ಸೆ ಕೊಡುವುದು ಬೇರೆಯವರಲ್ಲಿ ನಡೆದುಹೋಗುತ್ತದೆ. ಕಸಿಯಾದವರಲ್ಲಿ ಒಂದೇ ಸಲಕ್ಕೆ ಎರಡು ಸೋಂಕು ಇರುವುದೂ ಉಂಟು.

ಊಹೆಯ ಚಿಕಿತ್ಸೆ ಬೇಡ ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ, ಟ್ಯಾಕ್ರೋಲಿಮಸ್. ಅದನ್ನು ಕರಗಿಸುವುದು ಲಿವರ್ ಮತ್ತು ಕರುಳಿನಲ್ಲಿರುವ ಒಂದು ಕಿಣ್ವ. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಆ ಕಿಣ್ವವನ್ನು ತಡೆಯುತ್ತವೆ. ಕೆಲವೇ ದಿನದಲ್ಲಿ ರಕ್ತದಲ್ಲಿನ ಟ್ಯಾಕ್ರೋಲಿಮಸ್ ಲೆವೆಲ್ ವಿಪರೀತ ಏರಿ ಕೈ ನಡುಕ ಬರುತ್ತದೆ, ಕಿಡ್ನಿಗೇ ಪೆಟ್ಟು ಬೀಳುತ್ತದೆ. ಅಜಿಥ್ರೊಮೈಸಿನ್‌ನಿಂದ ಈ ತೊಂದರೆ ತೀರಾ ಕಡಿಮೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ಪೂರ್ತಿ ಉಲ್ಟಾ. ಅದು ಕಿಣ್ವವನ್ನು ಹೆಚ್ಚಿಸಿ ಟ್ಯಾಕ್ರೋಲಿಮಸ್ಸನ್ನು ಬೇಗ ಕರಗಿಸಿಬಿಡುತ್ತದೆ. ಲೆವೆಲ್ ನೋಡದೆ ಶುರುಮಾಡಿದರೆ ಕ್ಷಯ ವಾಸಿಯಾಗುವ ಹೊತ್ತಿಗೆ ಕಿಡ್ನಿ ರಿಜೆಕ್ಟ್ ಆಗಿರುತ್ತದೆ. ಡೋಸನ್ನು ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಮಾಡಬೇಕಾಗುತ್ತದೆ. ರಿಫಾಂಪಿಸಿನ್ ನಿಲ್ಲಿಸಿದ ಮೇಲೆ ಮತ್ತೆ ಇಳಿಸಬೇಕು. ಈ ಹಗ್ಗದ ಮೇಲೆ ನಡೆಯುವುದು ಬೇಡವೆಂದು ಅನೇಕರು ಕಿಣ್ವವನ್ನು ಅಷ್ಟು ಹೆಚ್ಚಿಸದ ರಿಫಾಬ್ಯುಟಿನ್ ಬಳಸುತ್ತಾರೆ. ಭೇದಿ ಕೂಡ ಹೀಗೇ ಮೋಸ ಮಾಡುತ್ತದೆ. ಭೇದಿಯಾದರೆ ಮಾತ್ರೆ ಹೊರಟುಹೋಗಿ ಲೆವೆಲ್ ಇಳಿಯುತ್ತದೆ ಎಂದೇ ಎಲ್ಲರೂ ಎಣಿಸುತ್ತಾರೆ. ನಿಜದಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ ಏರುತ್ತದೆ, ಯಾಕೆಂದರೆ ಕರುಳಿನ ಒಳಪದರದಲ್ಲಿರುವ ಆ ಕಿಣ್ವವೇ ಹಾಳಾಗಿರುತ್ತದೆ.

ರಿಜೆಕ್ಷನ್ ಮಾತ್ರೆ ಕಡಿಮೆ ಮಾಡುವ ನಿಮ್ಮ ಯೋಚನೆ ತಳಬುಡವಿಲ್ಲದ್ದೇನಲ್ಲ. ಗಂಭೀರ ಸೋಂಕಾದಾಗ ನಾವೂ ಅದನ್ನೇ ಮಾಡುತ್ತೇವೆ. ಸಾಮಾನ್ಯವಾಗಿ ಮೊದಲು ಮೈಕೋಫಿನೋಲೇಟ್ ಇಳಿಸುತ್ತೇವೆ ಅಥವಾ ನಿಲ್ಲಿಸುತ್ತೇವೆ. ಟ್ಯಾಕ್ರೋಲಿಮಸ್ಸನ್ನು ಲೆವೆಲ್ ನೋಡಿ ತಗ್ಗಿಸುತ್ತೇವೆ. ಆದರೆ ಸ್ಟೆರಾಯ್ಡ್ ಮಾತ್ರ ನಿಲ್ಲಿಸುವಂತಿಲ್ಲ. ತಿಂಗಳುಗಟ್ಟಲೆ ಪ್ರೆಡ್ನಿಸೊಲೋನ್ ತೆಗೆದುಕೊಂಡವರ ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ಬಹುಮಟ್ಟಿಗೆ ಬಿಟ್ಟಿರುತ್ತದೆ. ಸೋಂಕಿನ ಹೊತ್ತಿನಲ್ಲಿ ಅದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು. ಎಷ್ಟೋ ಸಲ ಆಗ ಡೋಸ್ ಹೆಚ್ಚಿಸಬೇಕಾಗುತ್ತದೆ. ಐದನೇ ತಿಂಗಳು ರಿಜೆಕ್ಷನ್‌ಗೂ ಸೂಕ್ಷ್ಮ ಕಾಲವೇ. ಕ್ರಿಯಾಟಿನಿನ್, ಲೆವೆಲ್ ಎರಡನ್ನೂ ಕಣ್ಣೆದುರಿಗೆ ಇಟ್ಟುಕೊಂಡು ಮಾಡುವ ಕೆಲಸ ಇದು. ಮನೆಯಲ್ಲಿ ಆಗುವಂಥದ್ದಲ್ಲ.

ತಮ್ಮನ ಮಾತ್ರೆಗಳಲ್ಲಿ ಕೋಟ್ರಿಮಾಕ್ಸಜೋಲ್ ಎಂಬ ಆಂಟಿಬಯೋಟಿಕ್ ಇದೆಯೇ ನೋಡಿ. ಕಸಿಯಾದ ಮೇಲೆ ಮೊದಲ ತಿಂಗಳುಗಳಲ್ಲಿ ಬಹುತೇಕ ಎಲ್ಲರಿಗೂ ಕೊಡುತ್ತಾರೆ, ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು. ಹಳೆಯ, ಅಗ್ಗದ ಮಾತ್ರೆ ಎಂದು ಅಸಡ್ಡೆ ಮಾಡುವವರಿದ್ದಾರೆ. ನ್ಯುಮೋಸಿಸ್ಟಿಸ್ಸನ್ನು ತಡೆಯುವುದರಲ್ಲಿ ಅದಕ್ಕೆ ಸಾಟಿ ಇಲ್ಲ, ಮೂತ್ರದ ಸೋಂಕು, ಲಿಸ್ಟೀರಿಯಾ ವಿಷಯದಲ್ಲೂ ಸಹಾಯವಾಗುತ್ತದೆ. ಆದರೆ ಅದನ್ನು ತೆಗೆದುಕೊಳ್ಳುತ್ತಿದ್ದಾನೆ ಎಂದ ಮಾತ್ರಕ್ಕೆ ನೋಕಾರ್ಡಿಯಾ ಬರುವುದಿಲ್ಲ ಎನ್ನುವಂತಿಲ್ಲ, ತಡೆಗೆ ಕೊಡುವ ಸಣ್ಣ ಡೋಸ್ ಅದಕ್ಕೆ ಸಾಲದು. ಈ ಮಾತ್ರೆಯಿಂದ ಕಿಡ್ನಿಗೆ ಪೆಟ್ಟಾಗದೆಯೂ ಕ್ರಿಯಾಟಿನಿನ್ ಸಂಖ್ಯೆ ಸ್ವಲ್ಪ ಏರುತ್ತದೆ. ಪೊಟ್ಯಾಸಿಯಂ ಮಾತ್ರ ನಿಜವಾಗಿಯೇ ಏರಬಹುದು, ಅದನ್ನು ಗಮನಿಸುತ್ತಿರಬೇಕು.

ಲಿಸ್ಟೀರಿಯಾ ಹೆಸರು ಬಂತಲ್ಲ, ಒಂದು ಮಾತು. ಇದು ಫ್ರಿಜ್‌ನ ತಣ್ಣನೆಯಲ್ಲೂ ಬೆಳೆಯುವ ಬ್ಯಾಕ್ಟೀರಿಯಾ. ಕಾಯಿಸದ ಹಾಲು, ಅದರಿಂದ ಮಾಡಿದ ಮೆತ್ತನೆಯ ಚೀಸ್, ದಿನಗಟ್ಟಲೆ ಫ್ರಿಜ್‌ನಲ್ಲಿಟ್ಟು ಬಿಸಿ ಮಾಡದೆ ತಿನ್ನುವ ಆಹಾರದಿಂದ ಬರುತ್ತದೆ. ರಕ್ತಕ್ಕೆ, ಮಿದುಳಿನ ಪೊರೆಗೆ ಹೋಗುತ್ತದೆ. ಮೆನಿಂಜೈಟಿಸ್‌ಗೆ, ಅಂದರೆ ಮಿದುಳಿನ ಪೊರೆಯ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಸೆಫಲೋಸ್ಪೊರಿನ್ ಆಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ, ಆ್ಯಂಪಿಸಿಲಿನ್ ಬೇಕು. ಹಾಗಾಗಿ ಜ್ವರದ ಜೊತೆ ತಲೆನೋವು, ಗೊಂದಲ ಇದ್ದರೆ ತುರ್ತು ವಿಭಾಗದಲ್ಲಿ ಮೊದಲು ಹೇಳಬೇಕಾದ ಮಾತು, ಇವನು ಕಿಡ್ನಿ ಕಸಿಯಾದವನು ಎಂಬುದೇ.

ದಿನದ ಬದುಕಿನ ಬಗ್ಗೆ ಉದ್ದ ಪಟ್ಟಿ ಕೊಡುವುದಿಲ್ಲ. ಮಣ್ಣು ಕೆದಕುವ ಕೆಲಸ ಈ ತಿಂಗಳುಗಳಲ್ಲಿ ಬೇಡ, ಮಾಡಲೇಬೇಕಾದರೆ ಕೈಗವಸು, ಮಾಸ್ಕ್ ಇರಲಿ. ಫ್ಲೂ, ನ್ಯುಮೊಕಾಕಸ್ ಲಸಿಕೆಗಳನ್ನು ಕೇಳಿ ಹಾಕಿಸಿ. ಜೀವಂತ ವೈರಸ್ ಅಥವಾ ಬ್ಯಾಕ್ಟೀರಿಯಾ ಇರುವ ಲಸಿಕೆ ಯಾವುದೂ ಬೇಡ. ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮಿದ್ದರೆ ಅವರಿಗೂ ಕ್ಷಯದ ಪರೀಕ್ಷೆಯಾಗಲಿ, ನಿಮ್ಮನ್ನೂ ಸೇರಿಸಿ.

ನಾಳೆ ಹೋಗುವಾಗ ಎಲ್ಲ ಮಾತ್ರೆಗಳ ಪಟ್ಟಿ, ಕೊನೆಯ ಮೂರು ಕ್ರಿಯಾಟಿನಿನ್ ಮತ್ತು ಟ್ಯಾಕ್ರೋಲಿಮಸ್ ವರದಿಗಳು, ಹಿಂದಿನ ಮೂತ್ರದ ಕಲ್ಚರ್‌ಗಳಲ್ಲಿ ಯಾವ ಔಷಧಿ ಕೆಲಸ ಮಾಡುತ್ತದೆ ಎಂದು ಬರೆದ ಹಾಳೆ, ಇವನ್ನು ಒಯ್ಯಿರಿ. ಜ್ವರವನ್ನು ಬೆಳಿಗ್ಗೆ, ಸಂಜೆ ಅಳೆದು ಬರೆದಿಡಿ. ಪ್ಯಾರಾಸಿಟಮಾಲ್ ಕೊಡಲೇಬೇಕಾದರೆ ಅಳೆದ ಮೇಲೆ ಕೊಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರ ಬೇಡ, ಕಿಡ್ನಿಗೆ ಕೆಡುಕು. ಬೆಳಗಿನ ಟ್ಯಾಕ್ರೋಲಿಮಸ್ ನುಂಗದೆ ಕೈಯಲ್ಲಿ ಹಿಡಿದುಕೊಂಡು ಹೋಗಲಿ. ಲೆವೆಲ್ ಪರೀಕ್ಷೆಗೆ ರಕ್ತ ತೆಗೆಯುವುದು ಮಾತ್ರೆಗೆ ಮೊದಲು. ರಕ್ತ ಕೊಟ್ಟ ತಕ್ಷಣ ನುಂಗಲಿ.